ತಕ್ಕಡಿಗೆ ಮುದ್ರೆ ಉಂಟು, ಕಾಮಗಾರಿಗೆ ಏಕಿಲ್ಲ?

ಕೊಳ್ಳೇಗಾಲದ ಪೇಟೆಯಲ್ಲಿ ಒಂದು ಕಿಲೋ ಬೇಳೆ ತೂಗಿ ಕೊಡುವ ಅಂಗಡಿಯವನು ತನ್ನ ತಕ್ಕಡಿಗೆ ಸರ್ಕಾರದ ಮುದ್ರೆ ಹಾಕಿಸಿಕೊಂಡಿರಬೇಕು. ಮುದ್ರೆಯ ಅವಧಿ ಮುಗಿದಿದ್ದರೆ ಇನ್‌ಸ್ಪೆಕ್ಟರು ಬಂದು ದಂಡ ಹಾಕುತ್ತಾರೆ. ತೂಕದಲ್ಲಿ ಮೋಸವಿದ್ದರೆ 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದ ಮೇರೆಗೆ ಮೊಕದ್ದಮೆ ಹೂಡುತ್ತಾರೆ. ಹೂಡಲಿ, ಬೇಡವೆನ್ನುವವರಾರು? ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುವ ಹೆಣ್ಣುಮಗಳು ತೆಗೆದ ಲಡಿಯನ್ನು ಅಳೆದು, ತೂಗಿ, ಡೆನಿಯರ್ ಇಷ್ಟು ಎಂದು ನೋಡಿದ ಮೇಲೆಯೇ ಅದು ಮುಂದಕ್ಕೆ ಹೋಗುತ್ತದೆ. ಎಳೆ ದಪ್ಪವಾದರೂ ತಪ್ಪು, ತೆಳುವಾದರೂ ತಪ್ಪು, ಹೆಚ್ಚು ಸಲ ಕಡಿದರೂ ತಪ್ಪು. ಕೂದಲಿಗಿಂತ ಸಣ್ಣ ಎಳೆಯಲ್ಲಿ ಆದ ವ್ಯತ್ಯಾಸಕ್ಕೂ ಆಕೆ ಲೆಕ್ಕ ಕೊಡಬೇಕು.

ಅದೇ ಊರಿನಲ್ಲಿ, ಅದೇ ಅಂಗಡಿಯವನ ಕಂದಾಯದಿಂದ, ಅದೇ ಹೆಣ್ಣುಮಗಳು ಕೊಳ್ಳುವ ಸೋಪು ಎಣ್ಣೆಗಳ ಮೇಲಿನ ತೆರಿಗೆಯಿಂದ ಒಂದು ಬೀದಿಗೆ ಸಿಮೆಂಟು ರಸ್ತೆ ಬರುತ್ತದೆ. ಒಂದು ಮಳೆಗಾಲ ಕಳೆಯುವುದರೊಳಗೆ ಮೇಲಿನ ಪದರ ಎದ್ದು ಜಲ್ಲಿ ಹಲ್ಲು ಕಿರಿಯುತ್ತದೆ. ಆ ರಸ್ತೆಗೆ ಬಿದ್ದ ಸಿಮೆಂಟನ್ನು ತೂಗಿದವರಾರು? ದಪ್ಪವನ್ನು ಅಳೆದವರಾರು? ಅಳೆದಿದ್ದರೆ ಆ ಲೆಕ್ಕವನ್ನು ನಮಗೆ ತೋರಿಸಿದವರಾರು?

ಈ ಪ್ರಶ್ನೆ ಕೇಳಿದ ಕೂಡಲೇ ಅಧಿಕಾರಿವರ್ಗದಿಂದ ಬರುವ ಉತ್ತರ ಒಂದೇ: ಗುಣಮಟ್ಟ ನಿಯಂತ್ರಣಕ್ಕೆ ಪ್ರತ್ಯೇಕ ವಿಭಾಗವೇ ಇದೆ, ಪ್ರಯೋಗಶಾಲೆ ಇದೆ, ಮೂರನೆಯ ಪಕ್ಷದ ತಪಾಸಣೆ ಇದೆ, ತಾವು ಚಿಂತಿಸಬೇಕಾಗಿಲ್ಲ. ಇವೆಲ್ಲ ಇರುವುದು ನಿಜ. ನಮ್ಮ ದೂರು ಇರುವುದೂ ಅಲ್ಲಿಯೇ. ತಪಾಸಣೆ ನಡೆಯುವುದು ಇಲಾಖೆಗೂ ಕಂಟ್ರಾಕ್ಟರರಿಗೂ ನಡುವೆ. ಹಣ ಕೊಟ್ಟವರು, ರಸ್ತೆಯಲ್ಲಿ ನಡೆಯುವವರು, ಕಲಸು ಹೊತ್ತವರು ಮೂವರೂ ಹೊರಗೆ. ಅಂಗಡಿಯವನ ತಕ್ಕಡಿಯ ಮುದ್ರೆ ಗಿರಾಕಿಯ ಕಣ್ಣಿಗೆ ಕಾಣುತ್ತದೆ. ಕಾಮಗಾರಿಯ ಮುದ್ರೆ ಕಚೇರಿಯ ಬೀರುವಿನಲ್ಲಿ ಕುಳಿತಿರುತ್ತದೆ.

ಈ ವಿಷಯವನ್ನು ಇಂಜಿನಿಯರಿಂಗ್ ಶಾಸ್ತ್ರವೆಂದು ಹೆದರಿ ಬಿಡಬೇಕಾಗಿಲ್ಲ. ಅಂಗಡಿಯ ಖಾತೆ ಬರೆಯಬಲ್ಲವರಿಗೆ ಇದರ ಲೆಕ್ಕ ಕಷ್ಟವಲ್ಲ. ನೂರು ಮೀಟರ್ ಉದ್ದ, ಮೂರೂವರೆ ಮೀಟರ್ ಅಗಲದ ಒಂದು ಬೀದಿಯನ್ನು ತೆಗೆದುಕೊಳ್ಳೋಣ. ಅಂದಾಜು ಪಟ್ಟಿಯಲ್ಲಿ ಕಾಂಕ್ರೀಟಿನ ದಪ್ಪ 15 ಸೆಂಟಿಮೀಟರ್ ಎಂದಿದ್ದರೆ ಬೇಕಾಗುವ ಕಾಂಕ್ರೀಟು 52.5 ಘನಮೀಟರ್. ಘನಮೀಟರಿಗೆ 50 ಕಿಲೋದ 6 ಮೂಟೆ ಸಿಮೆಂಟು ಎಂದು ಹಿಡಿದರೆ 315 ಮೂಟೆ. ಈಗ ದಪ್ಪವನ್ನು 15ರ ಬದಲು 12 ಮಾಡಿ. ಕಣ್ಣಿಗೆ ಎರಡು ಬೆರಳಗಲವೂ ವ್ಯತ್ಯಾಸ ಕಾಣದು. ಅಂಚಿನಲ್ಲಿ ಹಲಗೆ ಕಟ್ಟಿ 15 ತೋರಿಸಿ, ನಡುವೆ ಮಣ್ಣು ಎತ್ತರಿಸಿದರೆ ಅಳತೆ ಪಟ್ಟಿ ಹಿಡಿದವನಿಗೂ ತಿಳಿಯದು. ಕಾಂಕ್ರೀಟು 42 ಘನಮೀಟರಿಗೆ ಇಳಿಯಿತು. ಆ ಮೇಲೆ ಘನಮೀಟರಿಗೆ ಆರು ಮೂಟೆಯ ಬದಲು ಐದು ಹಾಕಿ. 210 ಮೂಟೆಯಲ್ಲಿ ಕೆಲಸ ಮುಗಿಯಿತು. 105 ಮೂಟೆ, ಅಂದರೆ ಸರಿಯಾಗಿ ಮೂರರಲ್ಲಿ ಒಂದು ಪಾಲು, ರಸ್ತೆಗೆ ಬೀಳಲೇ ಇಲ್ಲ; ಬಿಲ್ಲಿನಲ್ಲಿ ಮಾತ್ರ ಬಿತ್ತು.

ನಷ್ಟ ಆ ಮೂರನೆಯ ಒಂದು ಪಾಲಿಗೇ ನಿಲ್ಲುವುದಿಲ್ಲ. ಕಾಂಕ್ರೀಟು ಹಾಸು ಗಾಡಿಯ ಭಾರಕ್ಕೆ ಬಾಗಿ ಬಿರಿಯದೆ ನಿಲ್ಲುವ ಶಕ್ತಿ ದಪ್ಪದ ವರ್ಗಕ್ಕೆ ತಕ್ಕಂತೆ ಹೋಗುತ್ತದೆ. 15ರ ವರ್ಗ 225. 12ರ ವರ್ಗ 144. ದಪ್ಪದಲ್ಲಿ ಐದನೆಯ ಒಂದು ಪಾಲು ಕದ್ದರೆ ಬಾಗು ತಡೆಯುವ ಶಕ್ತಿಯಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕಿ ಹೋಯಿತು. ಅದರ ಮೇಲೆ ಕಬ್ಬಿನ ಲೋಡಿನ ಲಾರಿಯೋ, ಕರಿಕಲ್ಲಿನ ದಿಮ್ಮಿ ಹೊತ್ತ ಲಾರಿಯೋ ಒಮ್ಮೆ ಹೋದರೆ ಸಾಕು. ದೂರದೇಶಗಳಿಗೆ ಕರಿಕಲ್ಲು ಕಳಿಸುವ ಜಿಲ್ಲೆ ನಮ್ಮದು; ನಮ್ಮ ಬೀದಿಗೆ ಉಳಿದದ್ದು ಕ್ರಷರಿನ ದೂಳು!

ಇನ್ನು ನೀರಿನ ವಿಚಾರ. ಒಂದು ಮೂಟೆ ಸಿಮೆಂಟಿಗೆ ಸುಮಾರು 25 ಲೀಟರ್ ನೀರು ಸಾಕು. ಕಲಸು ಸುಲಭವಾಗಿ ಹರಿಯಲೆಂದು ಇನ್ನೊಂದು ಬಿಂದಿಗೆ ಸುರಿದರೆ ಒಣಗಿದಾಗ ಆ ನೀರಿದ್ದ ಜಾಗ ಪೊಳ್ಳಾಗುತ್ತದೆ. ಹಾಸಿದ ಮೇಲೆ ಮಾತ್ರ ನೀರು ಧಾರಾಳವಾಗಿ ಬೇಕು. ಭಾರತೀಯ ಮಾನಕ 456 ಹೇಳುವಂತೆ ಕನಿಷ್ಠ 7 ದಿನ, ಬೂದಿ ಬೆರೆತ ಸಿಮೆಂಟಾದರೆ ಕನಿಷ್ಠ 10 ದಿನ, ಬಿಸಿಲು ಒಣಹವೆಯ ಪ್ರದೇಶದಲ್ಲಿ ಅದಕ್ಕೂ ಹೆಚ್ಚು ದಿನ ಮೇಲ್ಮೈ ಒದ್ದೆಯಾಗಿರಬೇಕು. ಈಗ ನಮ್ಮಲ್ಲಿ ನಡೆಯುವುದು ತಿರುಗುಮುರುಗು: ಕಲಸುವಾಗ ಹೊಳೆ, ಹಾಸಿದ ಮೇಲೆ ಬರಗಾಲ. ಇದಕ್ಕೆ ಮೇಸ್ತ್ರಿಯನ್ನೊಬ್ಬನನ್ನೇ ಬೈಯುವುದು ಅನ್ಯಾಯ. ಆರ್ಥಿಕ ವರ್ಷ ಮಾರ್ಚಿಗೆ ಮುಗಿಯುತ್ತದೆ. ಅನುದಾನ ಖರ್ಚಾಗದಿದ್ದರೆ ವಾಪಸು ಹೋಗುತ್ತದೆ. ಹೀಗಾಗಿ ವರ್ಷವೆಲ್ಲ ಮಲಗಿದ್ದ ಕಡತಗಳು ಫೆಬ್ರವರಿಯಲ್ಲಿ ಎದ್ದು ಕುಳಿತು, ಮಾರ್ಚಿನ ಉರಿಬಿಸಿಲಲ್ಲಿ ರಸ್ತೆ ಮೋರಿಗಳಾಗಿ ಅವತರಿಸುತ್ತವೆ. ಹನೂರು ಸೀಮೆಯಲ್ಲಿ ಆ ಹೊತ್ತಿಗೆ ಕುಡಿಯುವ ನೀರಿಗೇ ಜನ ಟ್ಯಾಂಕರ್ ದಾರಿ ಕಾಯುತ್ತಿರುತ್ತಾರೆ. ಕುಡಿಯಲು ನೀರಿಲ್ಲದ ಊರಿನಲ್ಲಿ ರಸ್ತೆಗೆ ಹತ್ತು ದಿನ ನೀರು ಕುಡಿಸುವವರು ಯಾರು? ಮಳೆ ನಿಂತ ಕೂಡಲೇ ಕೆಲಸ ಹಿಡಿಯಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ; ಖಜಾನೆಯ ಪಂಚಾಂಗವೊಂದೇ ಹಾಗೆ ಹೇಳುತ್ತದೆ.

ಪರೀಕ್ಷೆ ಹೇಗೆ ನಡೆಯಬೇಕೆಂಬುದಕ್ಕೂ ನಿಯಮವಿದೆ. 50 ಘನಮೀಟರ್ ಕಾಂಕ್ರೀಟಿಗೆ 4 ಮಾದರಿ, ಒಂದೊಂದು ಮಾದರಿಗೆ 15 ಸೆಂಟಿಮೀಟರಿನ ಮೂರು ಘನಾಕಾರದ ಅಚ್ಚು. ನಾವು ಹೇಳಿದಂಥ ಒಂದು ಬೀದಿಗೆ ಹನ್ನೆರಡಕ್ಕೆ ಕಡಮೆಯಿಲ್ಲದಂತೆ ಅಚ್ಚು ಹಾಕಬೇಕು. ಅವನ್ನು 28 ದಿನ ನೀರಿನಲ್ಲಿಟ್ಟು, ಯಂತ್ರದಲ್ಲಿ ಒತ್ತಿ, ಎಷ್ಟು ಭಾರಕ್ಕೆ ಒಡೆಯಿತೆಂದು ಬರೆದಿಡಬೇಕು. ನಿಮ್ಮ ಬೀದಿಯ ಕೆಲಸ ನಡೆದಾಗ ಹನ್ನೆರಡು ಅಚ್ಚು ಹಾಕಿದ್ದನ್ನು ನೋಡಿದವರು ಯಾರಾದರೂ ಇದ್ದರೆ ನಮ್ಮ ಪತ್ರಿಕೆಗೆ ಬರೆಯಿರಿ. ಸಂತೋಷದಿಂದ ಅಚ್ಚು ಹಾಕುತ್ತೇವೆ.

ಅಚ್ಚು ಹಾಕಿದ ಮಾತ್ರಕ್ಕೇ ಸತ್ಯ ಹೊರಬರುತ್ತದೆಂದೂ ಅಲ್ಲ. ಬೀದಿಗೊಂದು ಕಲಸು, ಅಚ್ಚಿಗೊಂದು ಕಲಸು ಎಂಬ ಜಾಣತನ ದೇಶದಲ್ಲೆಲ್ಲ ಬಳಕೆಯಲ್ಲಿದೆ. ಅಚ್ಚಿಗೆ ಸಿಮೆಂಟು ಒಂದು ಹಿಡಿ ಹೆಚ್ಚು ಬೀಳುತ್ತದೆ. ಪ್ರಯೋಗಶಾಲೆಯ ಯಂತ್ರ ಸುಳ್ಳು ಹೇಳುವುದಿಲ್ಲ, ಅದಕ್ಕೆ ಕೊಟ್ಟ ಕಲ್ಲೇ ಸುಳ್ಳು. ಈ ಕಳ್ಳಾಟಕ್ಕೂ ಮದ್ದಿದೆ. ಗಟ್ಟಿಯಾದ ರಸ್ತೆಯನ್ನೇ ಕೊರೆದು ಉರುಳೆಯಂಥ ತುಂಡು ತೆಗೆದು ಪರೀಕ್ಷಿಸಬಹುದು. ಆ ತುಂಡುಗಳ ಸರಾಸರಿ ಶಕ್ತಿ ಹೇಳಿದ ದರ್ಜೆಯ ಶೇಕಡಾ 85ಕ್ಕೆ ಕಡಮೆಯಾಗಬಾರದು, ಯಾವ ಒಂದು ತುಂಡೂ 75ಕ್ಕೆ ಇಳಿಯಬಾರದು ಎಂದು ಅದೇ ಮಾನಕ ಹೇಳುತ್ತದೆ. ಕೊರೆದ ತುಂಡು ದಪ್ಪವನ್ನೂ ಹೇಳುತ್ತದೆ; ಅದು 12 ಇದ್ದರೆ 12 ಎಂದೇ ಹೇಳುತ್ತದೆ.

ಈ ಕಳಪೆತನಕ್ಕೆ ಮೂಲವೆಲ್ಲಿ? ಕಂಟ್ರಾಕ್ಟರರೆಲ್ಲ ಹುಟ್ಟಾ ಕಳ್ಳರೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ 2021ರ ಜುಲೈಯಲ್ಲಿ ರಾಜ್ಯದ ಗುತ್ತಿಗೆದಾರರ ಸಂಘವೇ ಪ್ರಧಾನಮಂತ್ರಿಗಳಿಗೆ ಪತ್ರ ಬರೆದು, ಕಾಮಗಾರಿಗಳಲ್ಲಿ ಶೇಕಡಾ 40ರವರೆಗೆ ಕಮಿಷನ್ ಕೊಡಬೇಕಾಗಿದೆಯೆಂದು ದೂರಿತು. ಸರ್ಕಾರ ಬದಲಾಯಿತು, 2023ರಲ್ಲಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಅವರ ಆಯೋಗ ನೇಮಕವಾಯಿತು. 2025ರ ಮಾರ್ಚಿನಲ್ಲಿ ವರದಿಯೂ ಸಲ್ಲಿಕೆಯಾಯಿತು. ಆ ದೂರಿನಲ್ಲಿ ಎಷ್ಟು ಪಾಲು ನಿಜವೆಂಬುದನ್ನು ಕಾನೂನು ತೀರ್ಮಾನಿಸಲಿ. ಆದರೆ ನೂರು ರೂಪಾಯಿಯಲ್ಲಿ ತೆರಿಗೆ ಹೋಗಿ, ಲಾಭ ಹೋಗಿ, ಕಮಿಷನ್ನೂ ಹೋದರೆ ರಸ್ತೆಗೆ ಉಳಿಯುವುದೆಷ್ಟೆಂಬ ಲೆಕ್ಕವನ್ನು ನಮ್ಮ ವ್ಯಾಪಾರಿಗಳಿಗೆ ಹೇಳಿಕೊಡಬೇಕೆ?

ಕೆಲಸ ಎಷ್ಟು ಕೈ ದಾಟುತ್ತದೆಂಬುದನ್ನೂ ನೋಡಬೇಕು. ಟೆಂಡರು ಗೆದ್ದವರು ಒಬ್ಬರು; ಅವರಿಂದ ತುಂಡು ಗುತ್ತಿಗೆ ಹಿಡಿದವರು ಇನ್ನೊಬ್ಬರು; ನಿಂತು ಮಾಡಿಸುವ ಮೇಸ್ತ್ರಿ ಮತ್ತೊಬ್ಬರು. ಒಂದೊಂದು ಕೈಯಲ್ಲೂ ಒಂದಿಷ್ಟು ಅಂಟಿಕೊಳ್ಳುತ್ತದೆ. 1999ರ ಪಾರದರ್ಶಕತೆ ಕಾನೂನು ಬಂದಾಗ ಬಹಿರಂಗ ಟೆಂಡರಿನಿಂದ ಎಲ್ಲ ಸರಿಹೋಗುವುದೆಂದು ಹೇಳಿದರು. ಅದೇ ಕಾನೂನಿನ 4(ಜಿ) ಎಂಬ ಕಿಟಕಿಯ ಮೂಲಕ ಟೆಂಡರಿಲ್ಲದೆಯೇ ಕೆಲಸ ವಹಿಸಿಕೊಡುವ ಪದ್ಧತಿಯೂ ಬೆಳೆಯಿತು. ಇನ್ನೊಂದು ಕಡೆ, ಟೆಂಡರು ಕರೆದಲ್ಲಿ ಅಂದಾಜಿಗಿಂತ ಶೇಕಡಾ 20, 25 ಕಡಮೆಗೆ ಕೂಗಿ ಕೆಲಸ ಹಿಡಿಯುವವರಿದ್ದಾರೆ. ಬೇಳೆಯನ್ನು ಕೊಂಡ ಬೆಲೆಗಿಂತ ಕಡಮೆಗೆ ಮಾರುವ ಅಂಗಡಿಯನ್ನು ಕಂಡರೆ ನೀವೇ ಅನುಮಾನ ಪಡುತ್ತೀರಿ. ಒಂದೋ ಬೇಳೆಯಲ್ಲಿ ಕಲ್ಲಿದೆ, ಇಲ್ಲವೇ ತಕ್ಕಡಿಯಲ್ಲಿ ಕಲ್ಲಿದೆ.

ನಮ್ಮ ವ್ಯಾಪಾರಿ ಬಂಧುಗಳಿಗೆ ಒಂದು ಮಾತು, ಬೇಸರಪಟ್ಟುಕೊಳ್ಳಬಾರದು. ಸಿಮೆಂಟು, ಕಂಬಿ, ಬಣ್ಣದ ಅಂಗಡಿಯವರು ತುಂಡು ಗುತ್ತಿಗೆದಾರರಿಗೆ ಉದ್ದರಿ ಕೊಡುತ್ತಾರೆ. ಸರ್ಕಾರದಿಂದ ಬಿಲ್ಲು ತಿಂಗಳುಗಟ್ಟಲೆ ಬಾರದು. ಬಂದ ಮೇಲೆ ಅಂಗಡಿಯ ಬಾಕಿ ತೀರುವುದು ಎಲ್ಲರ ಪಾಲೂ ಮುಗಿದ ಮೇಲೆ. ಆ ಬಾಕಿಗೋಸ್ಕರ ಬಾಯಿ ಮುಚ್ಚಿಕೊಂಡಿರುವವರು ಎಷ್ಟು ಮಂದಿಯಿಲ್ಲ? ಇಷ್ಟು ಉದ್ದದ ರಸ್ತೆಗೆ ಎಷ್ಟು ಮೂಟೆ ಹೋಯಿತೆಂಬುದು ಇಂಜಿನಿಯರಿಗಿಂತ ಚೆನ್ನಾಗಿ ಅಂಗಡಿಯ ಉದ್ದರಿ ಪುಸ್ತಕಕ್ಕೆ ಗೊತ್ತು.

ಅದಕ್ಕಿಂತಲೂ ಚೆನ್ನಾಗಿ ಗೊತ್ತಿರುವುದು ಬಾಣಲೆ ಹೊತ್ತ ಹೆಂಗಸಿಗೆ. ಒಂದು ಮೂಟೆ ಒಡೆದಾಗ ಎಷ್ಟು ಬಾಣಲೆ ಮರಳು, ಎಷ್ಟು ಬಾಣಲೆ ಜಲ್ಲಿ ಸುರಿದೆನೆಂದು ಅವಳ ತಲೆಗೆ ಗೊತ್ತು, ಕತ್ತಿಗೆ ಗೊತ್ತು. ಎಂ-ಸ್ಯಾಂಡ್ ಎಂದು ಬಂದ ಲೋಡಿನಲ್ಲಿ ತೊಳೆಯದ ಕಲ್ಲುಪುಡಿ ಎಷ್ಟಿತ್ತೆಂದು ಜರಡಿ ಹಿಡಿದವನಿಗೆ ಗೊತ್ತು. ಕಂಬಿ ಕಟ್ಟಿದವನಿಗೆ ಎಷ್ಟು ಅಂತರಕ್ಕೆ ಕಟ್ಟಿದೆನೆಂದು ಗೊತ್ತು. ಸ್ಲ್ಯಾಬಿನ ಕೆಳಗಿನ ಆಸರೆ ಕಂಬಗಳನ್ನು 7 ದಿನ, ಅಂತರ ನಾಲ್ಕೂವರೆ ಮೀಟರಿಗೆ ಮಿಕ್ಕಿದ್ದರೆ 14 ದಿನ ಬಿಡಬೇಕೆಂಬ ನಿಯಮವಿದ್ದರೂ, ಬೇರೆ ಕೆಲಸಕ್ಕೆ ಹಲಗೆ ಬೇಕೆಂದು ಅವಸರದಿಂದ ಬಿಚ್ಚಿಸಿದ್ದು ಸೆಂಟ್ರಿಂಗಿನವನಿಗೆ ಗೊತ್ತು. ಗುಣಮಟ್ಟದ ಪೂರ್ಣ ವರದಿ ಕೆಲಸಗಾರರ ಬಳಿಯಿದೆ; ಅದನ್ನು ಕೇಳುವವರಿಲ್ಲ. ಅವರು ತಾವಾಗಿ ಹೇಳಿದರೆ ‘ನಾಳೆಯಿಂದ ಬರಬೇಡ’ ಎಂಬ ಒಂದೇ ಮಾತಿನಲ್ಲಿ ಅನ್ನ ಹೋಗುತ್ತದೆ. ಹನೂರು ಕಡೆಯ ಹಳ್ಳಿಗಳಿಂದ ಕೂಲಿ ಅರಸಿ ಊರು ಬಿಟ್ಟವರು ಊರಿನಲ್ಲಿ ಸಿಕ್ಕ ನಾಲ್ಕು ದಿನದ ಕೆಲಸವನ್ನು ಬಾಯಿ ಬಿಟ್ಟು ಕಳೆದುಕೊಳ್ಳಲು ಸಿದ್ಧರಿಲ್ಲ. ಅವರನ್ನು ದೂಷಿಸುವ ಧೈರ್ಯ ನಮಗಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ಕಾಮಗಾರಿಯ ವೆಚ್ಚದಲ್ಲಿ ಶೇಕಡಾ 1ರ ಸೆಸ್ ಹಿಡಿಯುತ್ತಾರೆ. ನಿಜ ಹೇಳಿದ ಕಾರ್ಮಿಕನಿಗೆ ರಕ್ಷಣೆ ಕೊಡುವುದೂ ಕಲ್ಯಾಣವೇ ಅಲ್ಲವೆ?

ಹಳೆಯವರು ಸತ್ತೇಗಾಲದ ಕಲ್ಲಿನ ಸೇತುವೆಯನ್ನು ತೋರಿಸಿ ನಿಟ್ಟುಸಿರು ಬಿಡುತ್ತಾರೆ. ರಾಮಸ್ವಾಮಿ ಮುದಲಿಯಾರ್ ಕಾವೇರಿಯ ಬಂಡೆಯ ಮೇಲೆ ಕಲ್ಲುಕಂಬ ನಿಲ್ಲಿಸಿ ಕಟ್ಟಿಸಿದ, ಜನ ವೆಸ್ಲಿ ಸೇತುವೆ ಎಂದು ಕರೆಯುವ ಆ ಸೇತುವೆ ಸುಮಾರು ಎರಡು ಶತಮಾನ ಪ್ರವಾಹ ತಡೆದು, 2018ರ ನೆರೆಯಲ್ಲಿ ಒಂದು ಭಾಗ ಕಳೆದುಕೊಂಡಿತು. ಯಳಂದೂರಿನ ಬಳೆಮಂಟಪದಲ್ಲಿ ಕಲ್ಲಿನಲ್ಲೇ ಕಡೆದ ಬಳೆಯ ಸರಪಣಿ ಇಂದಿಗೂ ಇದೆ. ನೋಡಿ ಹೆಮ್ಮೆಪಡಲು ಅಡ್ಡಿಯಿಲ್ಲ. ಆದರೆ ಹಳೆಯದೆಲ್ಲ ಗಟ್ಟಿ, ಹೊಸದೆಲ್ಲ ಜೊಳ್ಳು ಎಂಬ ಮಾತನ್ನು ನಾವು ಒಪ್ಪೆವು. ಬಿದ್ದುಹೋದ ಹಳೆಯ ಕಟ್ಟಡ ಯಾರ ಕಣ್ಣಿಗೂ ಬೀಳುವುದಿಲ್ಲ, ನಿಂತದ್ದಷ್ಟೇ ಕಾಣುತ್ತದೆ. ಜಹಗೀರುದಾರರ ಕಾಲಕ್ಕೆ ಹೋಗುವ ಆಸೆಯೂ ನಮಗಿಲ್ಲ. ಇಂದಿನ ಸಿಮೆಂಟು, ಇಂದಿನ ಶಾಸ್ತ್ರ, ಇಂದಿನ ಯಂತ್ರದಿಂದ ಆ ಸೇತುವೆಗಿಂತ ಗಟ್ಟಿಯಾದುದನ್ನು ಕಟ್ಟಬಹುದು. ಕಡಮೆಯಾಗಿರುವುದು ವಿದ್ಯೆಯಲ್ಲ.

ರಸ್ತೆ ಕಿತ್ತರೆ ಸೈಕಲ್ಲು ಬೀಳುತ್ತದೆ; ಕಟ್ಟಡ ಕಿತ್ತರೆ ಹೆಣ ಬೀಳುತ್ತದೆ. 1983ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಕಟ್ಟುತ್ತಿದ್ದ ಗಂಗಾರಾಂ ಕಟ್ಟಡ ಕುಸಿದು 123 ಜನ ಸತ್ತರು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರನಗರದಲ್ಲಿ ಮೇಲೆ ಕಟ್ಟಡ ಏಳುತ್ತಿದ್ದಂತೆಯೇ ಕೆಳಗೆ ಅಂಗಡಿಗಳು ನಡೆಯುತ್ತಿದ್ದವು. ಕುಸಿದಾಗ 19 ಜನ ಹೋದರು. ಸತ್ತವರಲ್ಲಿ ಗಾರೆ ಕೆಲಸದವರೂ ಇದ್ದರು, ಕೆಳಗಿನ ಅಂಗಡಿಗೆ ಬಂದವರೂ ಇದ್ದರು. ಈ ಪತ್ರಿಕೆ ಓದುವವರಂಥವರೇ. ಇವು ಖಾಸಗಿ ಕಟ್ಟಡಗಳಾದರೂ ಪರವಾನಗಿ ಕೊಡುವ ಕೈ, ತಪಾಸಣೆ ಮಾಡಬೇಕಾದ ಕಣ್ಣು ಸರ್ಕಾರದ್ದೇ.

ಹಾಳಾದ ಕಾಮಗಾರಿಯ ನಷ್ಟ ಹಾಳಾದ ಬೀದಿಗಷ್ಟೇ ತಟ್ಟುವುದಿಲ್ಲ ಎಂಬುದನ್ನೂ ಯೋಚಿಸಬೇಕು. ಹನೂರು ತಾಲ್ಲೂಕಿನ ಇಂಡಿಗನತ್ತ ಗ್ರಾಮದಲ್ಲಿ 2024ರ ಏಪ್ರಿಲ್ 26ರಂದು ಮತಗಟ್ಟೆಯೇ ಧ್ವಂಸವಾಯಿತು, ಮರುಮತದಾನ ನಡೆಸಬೇಕಾಯಿತು. ರಸ್ತೆ ಮೊದಲಾದ ಸೌಕರ್ಯವಿಲ್ಲವೆಂದು ಜನ ಮತದಾನವನ್ನೇ ಬಹಿಷ್ಕರಿಸಿದ್ದರು. ಮತಯಂತ್ರ ಒಡೆಯುವುದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಪಟ್ಟಣದ ಒಂದೇ ಬೀದಿಗೆ ಐದು ವರ್ಷದಲ್ಲಿ ಎರಡು ಸಲ ರಸ್ತೆ ಹಾಕಿದರೆ, ಎರಡನೆಯ ಸಲದ ಹಣ ಯಾವ ಬೆಟ್ಟದ ಮೇಲಿನ ಊರಿಗೆ ಹೋಗಬೇಕಾಗಿತ್ತು?

ಜನಸಾಮಾನ್ಯರಿಗೆ ತಪಾಸಣೆಯ ಹಕ್ಕು ಕೊಡುವುದು ಅರಾಜಕತೆಗೆ ದಾರಿಯೆಂದು ಕೆಲವರು ಹೇಳಬಹುದು. ಹಾಗಾದರೆ ಸರ್ಕಾರವೇ ಮಾಡಿದ ಏರ್ಪಾಟನ್ನು ನೋಡಲಿ. 2000ನೆಯ ಇಸವಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಮೂರು ಹಂತದ ತಪಾಸಣೆಯಿದೆ: ಸ್ಥಳದಲ್ಲಿ ಒಂದು, ರಾಜ್ಯದಿಂದ ಒಂದು, ಕೇಂದ್ರದಿಂದ ಒಂದು. ಎಷ್ಟು ಜಲ್ಲಿ, ಎಷ್ಟು ಟಾರು ಎಂದು ಬರೆದ ಫಲಕ ರಸ್ತೆಯ ಬದಿಯಲ್ಲಿ ನಿಲ್ಲಬೇಕು. ಕಟ್ಟಿದ ಕಂಟ್ರಾಕ್ಟರರೇ ಐದು ವರ್ಷ ಅದನ್ನು ಸುಸ್ಥಿತಿಯಲ್ಲಿಡಬೇಕು. ಹಳ್ಳಿಯ ರಸ್ತೆಗೆ ಒಪ್ಪುವ ಈ ಕ್ರಮ ಕೊಳ್ಳೇಗಾಲ ನಗರಸಭೆಯ ಚರಂಡಿಗೆ, ಯಳಂದೂರು, ಹನೂರು ಪಟ್ಟಣ ಪಂಚಾಯಿತಿಗಳ ಬೀದಿಗೆ ಏಕೆ ಒಪ್ಪದು? ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಜನರನ್ನು ಸೇರಿಸಿ ಕೂಲಿಪಟ್ಟಿಯನ್ನೂ ಬಿಲ್ಲುಗಳನ್ನೂ ಗಟ್ಟಿಯಾಗಿ ಓದಿದರು. ಮುಗಿಯದ ಕಟ್ಟಡ ಮುಗಿದಂತೆ, ಬಾರದ ಕೂಲಿಯವರು ಬಂದಂತೆ ಬರೆದದ್ದು ಕೇಳಿದವರ ಕಿವಿಗೇ ಬಿತ್ತು. ಅಂಥ ಚಳವಳಿಗಳಿಂದಲೇ 2005ರ ಮಾಹಿತಿ ಹಕ್ಕಿನ ಕಾನೂನು ಹುಟ್ಟಿತು. ಆ ಹಳ್ಳಿಯವರು ನಮಗಿಂತ ಹೆಚ್ಚು ಓದಿದವರೇನೂ ಆಗಿರಲಿಲ್ಲ.

ಆ ಕಾನೂನಿನಲ್ಲಿ ಒಂದು ಸಾಲು ನಮ್ಮವರಲ್ಲಿ ಬಹುಮಂದಿಗೆ ತಿಳಿಯದು. ಮಾಹಿತಿಯ ಹಕ್ಕೆಂದರೆ ಕಾಗದದ ನಕಲು ಪಡೆಯುವುದು ಮಾತ್ರವಲ್ಲ. ಕಾಮಗಾರಿಯನ್ನು ಪರಿಶೀಲಿಸುವ ಹಕ್ಕು, ಸಾಮಗ್ರಿಯ ದೃಢೀಕೃತ ಮಾದರಿಯನ್ನು ಪಡೆಯುವ ಹಕ್ಕು ಕೂಡ ಅದರಲ್ಲಿ ಸೇರಿದೆಯೆಂದು 2ನೆಯ ಪ್ರಕರಣದ (ಜೆ) ಉಪಪ್ರಕರಣ ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ನಿಮ್ಮ ಬೀದಿಗೆ ಬಿದ್ದ ಕಾಂಕ್ರೀಟಿನ ತುಂಡನ್ನು ಮುದ್ರೆ ಸಹಿತ ಕೇಳಿ ಪಡೆಯಲು ನೀವು ಅರ್ಹರು.

ನಾವು ಮೂರೂ ಪಟ್ಟಣಗಳ ಆಡಳಿತದವರನ್ನು ಕೇಳುವುದಿಷ್ಟು. ಗುದ್ದಲಿಪೂಜೆಯ ದಿನ ಮಂತ್ರಿಗಳ ಹೆಸರಿನ ಕಲ್ಲು ನೆಡುವ ಮೊದಲು ಅಂದಾಜು ಪಟ್ಟಿಯನ್ನು ಕನ್ನಡದಲ್ಲಿ, ಮೂಟೆ ಬಾಣಲೆಗಳ ಲೆಕ್ಕದಲ್ಲಿ, ಬೀದಿಯ ಬಾಯಲ್ಲಿ ಬರೆದು ನಿಲ್ಲಿಸಿ. ಅಚ್ಚನ್ನು ಬೀದಿಯ ಕಲಸಿನಿಂದಲೇ, ಬೀದಿಯವರ ಎದುರಿಗೇ ತೆಗೆಯಿರಿ. ಅದರ ಮೇಲೆ ಇಂಜಿನಿಯರರ ಜೊತೆಗೆ ಬೀದಿಯ ಇಬ್ಬರೂ ಕೆಲಸಗಾರರ ಪೈಕಿ ಒಬ್ಬರೂ ಗುರುತು ಹಾಕಲಿ. 28 ದಿನದ ಫಲಿತಾಂಶ ಬರುವವರೆಗೆ ಕೊನೆಯ ಬಿಲ್ಲು ತಡೆಯಿರಿ. ಬಂದ ಮೇಲೆ, ಫಲಿತಾಂಶ ಸರಿಯಿದ್ದರೆ, ಒಂದು ದಿನವೂ ತಡಮಾಡದೆ ಪಾವತಿ ಮಾಡಿ. ಪ್ರಾಮಾಣಿಕವಾಗಿ ಕೆಲಸ ಮಾಡಿದ ಕಂಟ್ರಾಕ್ಟರನನ್ನು ಬಿಲ್ಲಿಗಾಗಿ ಅಲೆಸುವುದೂ ಕಳಪೆ ಕೆಲಸಕ್ಕೆ ಒಂದು ಕಾರಣವೇ. ಹೊಸ ರಸ್ತೆಯನ್ನು ಕುಡಿಯುವ ನೀರಿನ ಕೊಳವೆಗೆಂದು ಮೂರೇ ತಿಂಗಳಲ್ಲಿ ಅಗೆಯುವ ವಿದ್ಯೆಯನ್ನೂ ದಯವಿಟ್ಟು ನಿಲ್ಲಿಸಿ. ಕೊಳವೆ ಮೊದಲು, ರಸ್ತೆ ಆಮೇಲೆ ಎಂಬುದಕ್ಕೆ ಪ್ರಯೋಗಶಾಲೆ ಬೇಕಿಲ್ಲ.

ಅವರು ಮಾಡುವವರೆಗೆ ಓದುಗರು ಕಾಯಬೇಕಾಗಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ಅರ್ಜಿ ಚಿಕ್ಕದಾಗಿರಲಿ, ಒಂದೇ ಕಾಮಗಾರಿಯ ಬಗ್ಗೆ ಇರಲಿ: ಅಂದಾಜು ಪಟ್ಟಿಯ ನಕಲು, ಅಳತೆ ಪುಸ್ತಕದ ಆ ಕಾಮಗಾರಿಯ ಪುಟಗಳು, ಅಚ್ಚು ಪರೀಕ್ಷೆಯ ವರದಿ, ಕಂಟ್ರಾಕ್ಟರರು ಎಷ್ಟು ವರ್ಷ ದುರಸ್ತಿಗೆ ಹೊಣೆಯೆಂಬ ಕರಾರಿನ ಪುಟ, ಮತ್ತು ಹಾಸಿದ ಕಾಂಕ್ರೀಟಿನ ದೃಢೀಕೃತ ಮಾದರಿ. ಉತ್ತರ ಕೊಡಲು ಅವರಿಗೆ 30 ದಿನ ಅವಧಿಯಿದೆ. ಒಬ್ಬರೇ ಹೋಗುವುದಕ್ಕಿಂತ ಒಂದು ಬೀದಿಯಿಂದ ಅಂಗಡಿಯವರಿಬ್ಬರು, ಕಾರ್ಖಾನೆಯವರಿಬ್ಬರು ಸೇರಿ ನಾಲ್ಕು ಅರ್ಜಿ ಹಾಕುವುದು ಲೇಸು. ದುರಸ್ತಿಯ ಹೊಣೆಯ ಅವಧಿ ಇನ್ನೂ ಮುಗಿಯದ ರಸ್ತೆಯಿಂದಲೇ ಶುರುಮಾಡಿ. ಅವಧಿ ಮುಗಿದ ಮರುದಿನ ಠೇವಣಿ ವಾಪಸು ಹೋಗಿಬಿಡುತ್ತದೆ.